ಓದುಗರ ಪ್ರಶ್ನೆ: ಪಿಸ್ತೂಲಿನ ತೋಟೆಗೆ ಮದ್ದು ಎಷ್ಟು?

ಗುರಿ ಅಭ್ಯಾಸಕ್ಕೆ ಬೇಕಾದ ತೋಟೆಗಳನ್ನು ಮನೆಯಲ್ಲೇ ಮರುತುಂಬಿಕೊಳ್ಳುವುದು ಅಮೆರಿಕದಲ್ಲಿ ಹಳೆಯ ಹವ್ಯಾಸ. ಅಲ್ಲಿ ನೆಲೆಸಿದ ಕನ್ನಡಿಗರಿಂದ ಈ ಬಗ್ಗೆ ಬಂದ ಪತ್ರಗಳಿಗೂ, ನಮ್ಮ ಕಡೆಯಿಂದ ಬಂದ ಎರಡು ಪತ್ರಗಳಿಗೂ ಇಲ್ಲಿ ಉತ್ತರವಿದೆ. ಮಲೆನಾಡಿನ ಕೋವಿಯ ಮಾತನ್ನೇ ಬಳಸಿದ್ದೇವೆ: ಹಿತ್ತಾಳೆಯ ಕೊಳವೆ ಕೇಸು, ಅದರ ತಳದ ಕೇಪು ಪ್ರೈಮರ್, ಒಂದು ಹೊಡೆತಕ್ಕೆ ಹಾಕುವ ಮದ್ದು ಈಡು, ಮೇಲೆ ಕೂರುವುದು ಗುಂಡು, ಎಲ್ಲ ಸೇರಿದರೆ ತೋಟೆ.

‘ಇಂಥ ಗುಂಡಿಗೆ ಇಂಥ ಮದ್ದು ಇಷ್ಟು ಗ್ರೇನ್’ (ಗ್ರೇನ್ ಎಂಬುದು ತೂಕದ ಪುಟ್ಟ ಮಾನ) ಎಂದು ಇಲ್ಲಿ ಎಲ್ಲೂ ಬರೆದಿಲ್ಲ, ಬೇಕೆಂದೇ ಬಿಟ್ಟಿದ್ದೇವೆ. ಆ ಅಂಕಿ ನಿಮ್ಮ ಮೇಜಿನ ಮೇಲಿರುವ ಡಬ್ಬಿಯ ತಯಾರಕರ ಪಟ್ಟಿಯಿಂದಲೇ ಬರಬೇಕು. ಅಚ್ಚಿನಲ್ಲಿ ಒಂದು ದಶಮಾಂಶ ಬಿಂದು ಜಾರಿದರೂ ಯಾರದೋ ಬೆರಳು ಹೋದೀತು.

ಪ್ರಶ್ನೆ: 9 ಎಂ.ಎಂ. ಪಿಸ್ತೂಲಿಗೆ 115 ಗ್ರೇನ್ ಗುಂಡು ತಂದಿದ್ದೇನೆ. ಒಂದೇ ಮದ್ದಿಗೆ ಮೂರು ಕೈಪಿಡಿಗಳು ಮೂರು ಗರಿಷ್ಠ ಅಂಕಿ ಕೊಡುತ್ತವೆ. ಯಾವುದನ್ನು ನಂಬಲಿ? ಸರಾಸರಿ ತೆಗೆಯಬಹುದೇ?
– ಓದುಗರೊಬ್ಬರು, ಪ್ಲೇನೋ, ಟೆಕ್ಸಾಸ್

ಸರಾಸರಿ ಬೇಡವೇ ಬೇಡ. ಮೂರೂ ಅಂಕಿಗಳು ಸರಿ ಇರಬಹುದು, ಏಕೆಂದರೆ ಮೂವರೂ ಅಳೆದದ್ದು ಬೇರೆ ಬೇರೆ ತೋಟೆಗಳನ್ನು. 115 ಗ್ರೇನ್ ಎಂಬುದು ಗುಂಡಿನ ತೂಕ ಮಾತ್ರ. ಅದೇ ತೂಕದ ದುಂಡುಮೂತಿ ಗುಂಡು ಒಂದು ಉದ್ದ, ಮೂತಿಯಲ್ಲಿ ಕುಳಿ ಇರುವುದು ಇನ್ನೊಂದು ಉದ್ದ, ಸೀಸವಿಲ್ಲದ ಅಪ್ಪಟ ತಾಮ್ರದ್ದು ಎಲ್ಲಕ್ಕಿಂತ ಉದ್ದ. ಉದ್ದ ಹೆಚ್ಚಿದಷ್ಟೂ ಗುಂಡಿನ ಬುಡ ಕೇಸಿನೊಳಗೆ ಆಳಕ್ಕೆ ಇಳಿಯುತ್ತದೆ, ಮದ್ದು ಉರಿಯುವ ಜಾಗ ಕಿರಿದಾಗುತ್ತದೆ.

9 ಎಂ.ಎಂ.ನಲ್ಲಿ ಈ ಜಾಗ ಎಷ್ಟು ಚಿಕ್ಕದೆಂದು ಲೆಕ್ಕ ಹಾಕಿ ನೋಡಿ. ಕೇಸಿನ ಉದ್ದ 19.15 ಮಿ.ಮೀ. ಗುಂಡು ಕೂತ ಮೇಲೆ ಮದ್ದಿಗೆ ಉಳಿಯುವುದು ಸುಮಾರು 0.6 ಘನ ಸೆಂಟಿಮೀಟರ್. 9.02 ಮಿ.ಮೀ. ದಪ್ಪದ ಗುಂಡನ್ನು ಒಂದೇ ಒಂದು ಮಿ.ಮೀ. ಹೆಚ್ಚು ಒಳಗೆ ತಳ್ಳಿದರೆ ಅದರಲ್ಲಿ ಹತ್ತನೇ ಒಂದು ಪಾಲು ಹೋಯಿತು. ಒತ್ತಡ ಏರುವುದು ಹತ್ತನೇ ಒಂದು ಪಾಲಲ್ಲ, ಅದಕ್ಕಿಂತ ಬಹಳ ಹೆಚ್ಚು. ಹೊಗೆರಹಿತ ಮದ್ದು ಒತ್ತಡ ಹೆಚ್ಚಿದಷ್ಟೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಹೆಚ್ಚುತ್ತದೆ. ಒಂದು ಇನ್ನೊಂದನ್ನು ಏರಿಸುತ್ತಾ ಹೋಗುತ್ತದೆ.

ಹಾಗಾಗಿ ಪಟ್ಟಿಯ ಅಂಕಿಯನ್ನು ಒಂಟಿಯಾಗಿ ಓದಬೇಡಿ, ಸಾಲನ್ನು ಪೂರ್ತಿ ಓದಿ. ಗುಂಡಿನ ತಯಾರಕರು ಯಾರು, ಆಕಾರ ಯಾವುದು, ತೋಟೆಯ ಒಟ್ಟು ಉದ್ದ ಎಷ್ಟು, ಕೇಸು ಯಾವುದು, ಪ್ರೈಮರ್ ಯಾವುದು, ಪರೀಕ್ಷಿಸಿದ ನಳಿಕೆ ಎಷ್ಟು ಇಂಚು ಎಂಬುದೆಲ್ಲ ಅಲ್ಲಿರುತ್ತದೆ. ನಿಮ್ಮ ಗುಂಡಿಗೆ ತೀರಾ ಹತ್ತಿರವಾದ ಸಾಲನ್ನು ಆರಿಸಿ, ಅದರ ಆರಂಭದ ಅಂಕಿಯಿಂದ ಶುರು ಮಾಡಿ. ಎರಡು ಸಾಲು ಸಮಾನ ಹತ್ತಿರವೆನಿಸಿದರೆ ಕಡಿಮೆ ಆರಂಭ ಇರುವುದನ್ನು ಹಿಡಿಯಿರಿ. ಪಟ್ಟಿಯಲ್ಲಿ ಗರಿಷ್ಠ ಮಾತ್ರ ಇದ್ದು, ತಯಾರಕರು ಇಳಿಸಬಾರದೆಂದು ಹೇಳಿರದಿದ್ದರೆ, ಶೇ. 10 ಕಳೆದು ಶುರು ಮಾಡುವುದು ರೂಢಿ.

ಆಮೇಲೆ ಹತ್ತು ತೋಟೆ ಆರಂಭದ ಈಡಿನಲ್ಲಿ, ಹತ್ತು 0.1 ಗ್ರೇನ್ ಹೆಚ್ಚಿಗೆ, ಹತ್ತು ಇನ್ನೊಂದು 0.1 ಹೆಚ್ಚಿಗೆ ತುಂಬಿ. ಒಂದೊಂದು ಕಂತಿಗೂ ಬೇರೆ ಡಬ್ಬಿ, ಬೇರೆ ಚೀಟಿ. ವೇಗದ ಮದ್ದುಗಳಲ್ಲಿ ಆರಂಭಕ್ಕೂ ಗರಿಷ್ಠಕ್ಕೂ ನಡುವೆ ಅರ್ಧ ಗ್ರೇನೂ ಇರದ ಸಾಲುಗಳಿವೆ, ಆದ್ದರಿಂದ 0.3ರ ಹೆಜ್ಜೆ ಇಡಬೇಡಿ. ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಪ್ರತಿ ಕಂತಿನ ವೇಗವನ್ನೂ ಬರೆದುಕೊಳ್ಳಿ. ಕೈಪಿಡಿ ಗರಿಷ್ಠ ಈಡಿಗೆ ಕೊಟ್ಟ ವೇಗ ನಿಮಗೆ ಕಡಿಮೆ ಈಡಿನಲ್ಲೇ ಬಂದುಬಿಟ್ಟರೆ ಒತ್ತಡವೂ ಅಲ್ಲಿಗೆ ಮುಟ್ಟಿದೆ ಎಂದು ತಿಳಿದು ಅಲ್ಲೇ ನಿಲ್ಲಿ. ಪಟ್ಟಿಯಲ್ಲಿ ಇನ್ನೂ 0.2 ಗ್ರೇನ್ ಬಾಕಿ ಇದೆಯೆಂದು ಮುಂದೆ ಹೋಗಬೇಡಿ.

ಗುಂಡು, ಪ್ರೈಮರ್, ಕೇಸು, ಮದ್ದಿನ ಲಾಟ್ (ಒಂದೇ ಸಲಕ್ಕೆ ತಯಾರಾದ ಸರಕು), ಈ ನಾಲ್ಕರಲ್ಲಿ ಯಾವುದು ಬದಲಾದರೂ ಮತ್ತೆ ಆರಂಭದ ಅಂಕಿಗೆ ಇಳಿಯಬೇಕು. ಮಾಮೂಲಿ ಪ್ರೈಮರ್ ಸಿಗಲಿಲ್ಲವೆಂದು ಹೆಚ್ಚು ಜೋರಾಗಿ ಹೊತ್ತಿಸುವ ಮ್ಯಾಗ್ನಂ ಪ್ರೈಮರ್ ಹಾಕಿ, ಈಡನ್ನು ಹಾಗೇ ಬಿಡುವ ತಪ್ಪನ್ನು ಬಹಳ ಜನ ಮಾಡುತ್ತಾರೆ.

ಪ್ರಶ್ನೆ: ಚಿನ್ನ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಮನೆಯಲ್ಲಿದೆ, 0.01 ಗ್ರಾಂವರೆಗೆ ತೋರಿಸುತ್ತದೆ. ಅದು ಸಾಲದೇ?
– ಕೊಲಂಬಸ್, ಒಹಾಯೊ

ಸಾಲದು. ಒಂದು ಗ್ರೇನ್ ಎಂದರೆ 0.0648 ಗ್ರಾಂ. ನಿಮ್ಮ ತಕ್ಕಡಿಯ ಒಂದು ಮನೆ, ಅಂದರೆ 0.01 ಗ್ರಾಂ, ಗ್ರೇನ್ ಲೆಕ್ಕದಲ್ಲಿ 0.15. ನಾವು ಏರಿಸುವ ಹೆಜ್ಜೆಯೇ 0.1 ಆಗಿರುವಾಗ ಆ ತಕ್ಕಡಿಗೆ ಹೆಜ್ಜೆ ಕಾಣುವುದೇ ಇಲ್ಲ. ಅಕ್ಕಸಾಲಿಗರ ಒಂದು ಗುಲಗಂಜಿ ಸುಮಾರು ಎರಡು ಗ್ರೇನ್ ತೂಗುತ್ತದೆ. 9 ಎಂ.ಎಂ.ನ ಎಷ್ಟೋ ಈಡುಗಳು ಎರಡು ಮೂರು ಗುಲಗಂಜಿ ತೂಕದವು, ಅದರಲ್ಲಿ ನೂರಕ್ಕೆ ಎರಡು ಮೂರರಷ್ಟು ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಮರುತುಂಬುವವರಿಗೆಂದೇ ಮಾಡಿದ ದಂಡದ ತಕ್ಕಡಿಯನ್ನೋ, 0.1 ಗ್ರೇನ್ ನಿಖರತೆಯ ಡಿಜಿಟಲ್ ತಕ್ಕಡಿಯನ್ನೋ ಕೊಳ್ಳಿ, ಜೊತೆಗೆ ತೂಕದ ಬಿಲ್ಲೆಗಳನ್ನೂ ಕೊಳ್ಳಿ. ಸಾಮಾನ್ಯವಾಗಿ ತಕ್ಕಡಿಯೊಡನೆ ಬರುವ 20 ಅಥವಾ 50 ಗ್ರಾಂ ಬಿಲ್ಲೆ ಮೇಲ್ತುದಿಯನ್ನು ಸರಿ ಮಾಡುತ್ತದೆ, 5 ಗ್ರೇನ್ ಹತ್ತಿರ ಸರಿ ತೋರಿಸುತ್ತದೆಂಬ ಖಾತ್ರಿ ಅದರಿಂದ ಸಿಗದು. 2, 5, 10 ಗ್ರೇನ್ ಬಿಲ್ಲೆಗಳು ಬೇಕು.

ಡಿಜಿಟಲ್ ಆದರೆ ಅರ್ಧ ಗಂಟೆ ಮೊದಲೇ ಚಾಲೂ ಮಾಡಿಡಿ. ಫ್ಯಾನ್ ಮತ್ತು ಏಸಿಯ ಗಾಳಿ ತಾಗದ ಕಡೆ ಇಡಿ. ಪಕ್ಕದಲ್ಲಿ ಮೊಬೈಲ್ ಬೇಡ. ಪ್ರತಿ ಹತ್ತಿಪ್ಪತ್ತು ತೂಕಕ್ಕೊಮ್ಮೆ ಬಿಲ್ಲೆ ಇಟ್ಟು ನೋಡಿ, ಸೊನ್ನೆ ಜಾರಿದ್ದರೆ ಹಿಂದಿನ ಬಿಲ್ಲೆಯ ನಂತರ ತುಂಬಿದ್ದೆಲ್ಲವನ್ನೂ ಮತ್ತೆ ತೂಗಿ. ಮದ್ದು ಸುರಿಯುವ ಅಳತೆಯಂತ್ರವನ್ನು ಹೊಂದಿಸುವಾಗ ಹತ್ತು ಈಡನ್ನು ಒಟ್ಟಿಗೆ ಬಟ್ಟಲಿಗೆ ಬೀಳಿಸಿ ತೂಗಿ ಹತ್ತರಿಂದ ಭಾಗಿಸಿ, ಆಮೇಲೆ ಐದನ್ನು ಬಿಡಿಬಿಡಿಯಾಗಿಯೂ ತೂಗಿ. ಒಟ್ಟು ತೂಕ ಸರಾಸರಿ ಹೇಳುತ್ತದೆ, ಬಿಡಿ ತೂಕ ಏರಿಳಿತ ಹೇಳುತ್ತದೆ. ಗ್ರಾಂ–ಗ್ರೇನ್ ಬದಲಿಸುವ ಗುಂಡಿ ಕೈತಾಗಿ ಒತ್ತಿಹೋಗಿಲ್ಲವೆಂದು ಪ್ರತಿ ಸಲವೂ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಕಡೆ ಕೇಪಿನ ಕೋವಿಗೆ ಮಸಿಯನ್ನು ಅಳತೆಯ ಕೊಳವೆಯಲ್ಲಿ ಹಾಕುತ್ತಾರೆ, ಯಾರೂ ತೂಗುವುದಿಲ್ಲ. ಪಿಸ್ತೂಲಿನ ಮದ್ದಿಗೆ ಮಾತ್ರ ಇಷ್ಟು ಸೂಕ್ಷ್ಮ ಏಕೆ?
– ಮೂಡಿಗೆರೆ

ಎರಡೂ ಬೇರೆ ವಸ್ತುಗಳು. ಕೋವಿಯ ಕರಿಮಸಿ ಪೆಟ್ಲುಪ್ಪು, ಗಂಧಕ, ಇದ್ದಿಲಿನ ಮಿಶ್ರಣ. ಅದರ ಉರಿಯ ವೇಗ ಒತ್ತಡಕ್ಕೆ ಅಷ್ಟಾಗಿ ಏರುವುದಿಲ್ಲ, ತೂಕಕ್ಕೆ ಹೋಲಿಸಿದರೆ ಶಕ್ತಿಯೂ ಕಡಿಮೆ. ಹಾಗಾಗಿ ಗಾತ್ರದ ಅಳತೆ ನಡೆಯುತ್ತದೆ. ಹೊಗೆರಹಿತ ಮದ್ದು ನೈಟ್ರೊಸೆಲ್ಯುಲೋಸಿನದು, ಹಲವು ಪಿಸ್ತೂಲ್ ಮದ್ದುಗಳಲ್ಲಿ ನೈಟ್ರೊಗ್ಲಿಸರಿನ್ ಕೂಡ ಇರುತ್ತದೆ. ಅದರಲ್ಲೂ ಒಂದೊಂದು ಮದ್ದಿನ ಸಾಂದ್ರತೆ ಒಂದೊಂದು ಥರ. ಒಂದೇ ಚಮಚದಲ್ಲಿ ಟೈಟ್‌ಗ್ರೂಪ್ ಎಂಬ ಮದ್ದು ಹಿಡಿಸುವ ತೂಕ ಒಂದಾದರೆ, ಅರಳಿದ ಅವಲಕ್ಕಿಯಂತಿರುವ ಟ್ರೇಲ್ ಬಾಸ್ ಹಿಡಿಸುವುದು ಅದಕ್ಕಿಂತ ತೀರಾ ಕಡಿಮೆ.

ಒಂದು ಎಚ್ಚರಿಕೆ: ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ಒಂದು ಚಿಟಿಕೆಯೂ ಹಾಕಬಾರದು. ಕರಿಮಸಿಯ ಒತ್ತಡಕ್ಕೆಂದು ಮಾಡಿದ ನಳಿಕೆ ಹಿಂಭಾಗದಲ್ಲಿ, ಹೊಡೆಯುವವನ ಮುಖದ ಹತ್ತಿರವೇ ಸಿಡಿಯುತ್ತದೆ.

ಪ್ರಶ್ನೆ: .38 ಸ್ಪೆಷಲ್ ರಿವಾಲ್ವರಿಗೆ ತುಂಬುವಾಗ ಒಂದೇ ಕೇಸಿಗೆ ಎರಡು ಸಲ ಮದ್ದು ಬೀಳುವ ಭಯ. ಖಚಿತವಾಗಿ ತಪ್ಪಿಸುವುದು ಹೇಗೆ?
– ಪಿಟ್ಸ್‌ಬರ್ಗ್, ಪೆನ್ಸಿಲ್ವೇನಿಯ

ನಿಮ್ಮ ಭಯ ಸರಿಯಾದದ್ದೇ. .38 ಸ್ಪೆಷಲ್ 1898ರಲ್ಲಿ ಹುಟ್ಟಿದ್ದು ಕರಿಮಸಿಗೆಂದು, ಅದಕ್ಕೇ ಕೇಸು 29.34 ಮಿ.ಮೀ. ಉದ್ದ. ಇಂದಿನ ವೇಗದ ಮದ್ದಿನ ಈಡು ಅದರ ತಳದಲ್ಲಿ ಒಂದಿಷ್ಟು ಜಾಗ ಹಿಡಿದು ಕೂರುತ್ತದೆ. ಎರಡು ಈಡು ಬಿದ್ದರೂ ಮೇಲೆ ಗುಂಡಿಗೆ ಜಾಗ ಉಳಿಯುತ್ತದೆ. ಬುಲ್ಸ್‌ಐ, ಟೈಟ್‌ಗ್ರೂಪ್‌ನಂಥ ಮದ್ದುಗಳಲ್ಲಿ ಮೂರು ಈಡು ಬಿದ್ದರೂ ಹಿಡಿಸಬಹುದು. ಈ ತೋಟೆಗೆ ಮಿತಿ ಚದರ ಇಂಚಿಗೆ 17,000 ಪೌಂಡ್ ಒತ್ತಡ. ಎರಡು ಈಡಿಗೆ ಸಿಲಿಂಡರಿನ ಗೋಡೆ ತಾಳುವುದಿಲ್ಲ.

ಮೊದಲ ರಕ್ಷಣೆ ಮದ್ದಿನ ಆಯ್ಕೆ. ಎರಡು ಈಡು ಬಿದ್ದರೆ ಕೇಸಿನ ಬಾಯಿಂದ ಉಕ್ಕಿ ಚೆಲ್ಲುವಷ್ಟು ಹಗುರ, ದೊಡ್ಡ ಕಣದ ಮದ್ದನ್ನು ಪಟ್ಟಿಯಲ್ಲಿ ಹುಡುಕಿ ತನ್ನಿ. ತಪ್ಪಾದರೆ ಮೇಜಿನ ಮೇಲೆ ಚೆಲ್ಲಿ ತಾನೇ ಹೇಳುತ್ತದೆ. ಒಂದು ಪೌಂಡಿಗೆ ಒಂದಷ್ಟು ತೋಟೆ ಕಡಿಮೆ ಆಗುತ್ತವೆ, ಆಗಲಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ವಿಮೆ ಇಲ್ಲ.

ಎರಡನೆಯದು ಕೈಯ ಕ್ರಮ. 50 ಕುಳಿಯ ಎರಡು ಹಲಗೆ ಇಟ್ಟುಕೊಳ್ಳಿ. ಪ್ರೈಮರ್ ಹಾಕಿದ ಕೇಸುಗಳನ್ನೆಲ್ಲ ಎಡ ಹಲಗೆಯಲ್ಲಿ ಬಾಯಿ ಕೆಳಗಾಗಿ ನಿಲ್ಲಿಸಿ. ಒಂದನ್ನು ತೆಗೆದು, ತಿರುಗಿಸಿ, ಮದ್ದು ಹಾಕಿ, ಬಲ ಹಲಗೆಯಲ್ಲಿ ಬಾಯಿ ಮೇಲಾಗಿ ಇಡಿ. ಬಾಯಿ ಕೆಳಗಿದ್ದದ್ದರಲ್ಲಿ ಮದ್ದು ಇರಲು ಸಾಧ್ಯವೇ ಇಲ್ಲ, ಬಾಯಿ ಮೇಲಿದ್ದದ್ದಕ್ಕೆ ಮತ್ತೆ ಹಾಕುವುದಿಲ್ಲ. ಐವತ್ತೂ ಮುಗಿದ ಮೇಲೆ ಟಾರ್ಚ್ ಹಿಡಿದು ಸಾಲು ಸಾಲಾಗಿ ಒಳಗೆ ನೋಡಿ. ಮದ್ದಿನ ಮಟ್ಟ ಎಲ್ಲದರಲ್ಲೂ ಒಂದೇ ಎತ್ತರದಲ್ಲಿ ಕಾಣಬೇಕು. ಒಂದರಲ್ಲಿ ಹಿತ್ತಾಳೆಯ ಗೋಡೆ ಹೆಚ್ಚು ಹೊಳೆದರೆ ಮದ್ದು ಕಡಿಮೆ, ಹೊಳಪು ತಗ್ಗಿದರೆ ಹೆಚ್ಚು. ಅನುಮಾನ ಬಂದದ್ದನ್ನು ಸುರಿದು ತೂಗಿ. ನೋಡಿದ ಕೂಡಲೇ ಗುಂಡು ಕೂರಿಸಿ, ಹಲಗೆಯನ್ನು ಹಾಗೇ ಬಿಟ್ಟು ಊಟಕ್ಕೆ ಏಳಬೇಡಿ.

ಫೋನ್ ಬಂತು, ಮಗು ಕರೆಯಿತು, ಎಲ್ಲಿಗೆ ನಿಲ್ಲಿಸಿದೆ ಎಂಬುದು ಮರೆಯಿತು ಎಂದಾದರೆ ಊಹೆ ಮಾಡಬೇಡಿ. ಬಲ ಹಲಗೆಯದನ್ನೆಲ್ಲ ಸುರಿದು ಮೊದಲಿನಿಂದ ಹಾಕಿ. ಒಂದೇ ಎಳೆತಕ್ಕೆ ಎಲ್ಲ ಹಂತ ಮುಗಿಸುವ ಪ್ರೋಗ್ರೆಸಿವ್ ಪ್ರೆಸ್ ಇದ್ದವರು ಯಂತ್ರ ಸಿಕ್ಕಿಕೊಂಡಾಗ ಹಿಡಿಯನ್ನು ಅರ್ಧ ಎತ್ತಿ ಮತ್ತೆ ಇಳಿಸುತ್ತಾರೆ. ಎರಡು ಈಡು ಬೀಳುವುದು ಹೆಚ್ಚಾಗಿ ಆ ಗಳಿಗೆಯಲ್ಲೇ. ಸಿಕ್ಕಿಕೊಂಡರೆ ತಟ್ಟೆಯ ಮೇಲಿನ ಕೇಸುಗಳನ್ನೆಲ್ಲ ತೆಗೆದುಹಾಕಿ, ಮದ್ದಿನ ಮಟ್ಟ ನೋಡುವ ಡೈಯನ್ನೂ (ಪ್ರೆಸ್ಸಿಗೆ ಕೂರಿಸುವ ಉಪಕರಣ) ಅಳವಡಿಸಿ.

ಪ್ರಶ್ನೆ: ಒತ್ತಡ ಹೆಚ್ಚಾದರೆ ಪ್ರೈಮರ್ ಚಪ್ಪಟೆಯಾಗುತ್ತದಂತೆ. ಅದನ್ನು ನೋಡಿಕೊಂಡು ಈಡನ್ನು ಸ್ವಲ್ಪ ಸ್ವಲ್ಪವೇ ಏರಿಸಬಹುದಲ್ಲ?
– ಫೀನಿಕ್ಸ್, ಅರಿಜೋನ

ಏರಿಸಬೇಡಿ. ಇದು ರೈಫಲ್‌ನವರಿಂದ ಬಂದ ಮಾತು. ರೈಫಲ್ ತೋಟೆಗಳು 50–60 ಸಾವಿರ ಪೌಂಡ್ ಒತ್ತಡದಲ್ಲಿ ಕೆಲಸ ಮಾಡುತ್ತವೆ, ಆ ಮಟ್ಟದಲ್ಲಿ ಪ್ರೈಮರಿನ ಲೋಹ ಹರಿಯುತ್ತದೆ. ಕೈಬಂದೂಕಿನ ಮಿತಿಗಳು ನೋಡಿ: .38 ಸ್ಪೆಷಲ್ 17,000, .45 ಎಸಿಪಿ 21,000, 9 ಎಂ.ಎಂ. ಮತ್ತು .357 ಮ್ಯಾಗ್ನಂ 35,000. .45ರಲ್ಲಿ ಪ್ರೈಮರ್ ಚಪ್ಪಟೆಯಾಗುವ ಹೊತ್ತಿಗೆ ಪಿಸ್ತೂಲಿನ ಮಿತಿಯನ್ನು ಎಷ್ಟೋ ಹಿಂದೆಯೇ ದಾಟಿಬಿಟ್ಟಿರುತ್ತೀರಿ. ಮೃದು ಪ್ರೈಮರ್ ಸಾಧಾರಣ ಈಡಿಗೂ ಚಪ್ಪಟೆಯಾಗುತ್ತದೆ, ಗಟ್ಟಿಯಾದದ್ದು ಅಪಾಯದಲ್ಲೂ ದುಂಡಗೇ ಇರುತ್ತದೆ. ಚಿಹ್ನೆ ಕಾಣದಿದ್ದರೆ ಒತ್ತಡ ಸರಿ ಇದೆ ಎಂದಲ್ಲ. ಕಂಡರೆ ಮಾತ್ರ ನಿಲ್ಲಿಸಬೇಕು.

ನಿಲ್ಲಿಸಲೇಬೇಕಾದ ಗುರುತುಗಳು: ರಿವಾಲ್ವರಿನಲ್ಲಿ ಖಾಲಿ ಕೇಸು ಸಲೀಸಾಗಿ ಬರದೆ ಸರಳನ್ನು ಬಡಿಯಬೇಕಾಗಿ ಬರುವುದು, ಪ್ರೈಮರ್ ತೂತಾಗಿ ಮಸಿ ಹೊರಗೆ ಬಂದಿರುವುದು, ಪಿಸ್ತೂಲಿನಲ್ಲಿ ಕೇಸಿನ ಬುಡದ ಹತ್ತಿರ ಒಂದು ಪಕ್ಕದಲ್ಲಿ ಅರ್ಧಚಂದ್ರದಂತೆ ಉಬ್ಬು. ಈ ಉಬ್ಬು ಬರುವುದು ತೋಟೆ ಕೂರುವ ಕೋಣೆಯ ಬಾಯಲ್ಲಿ ಕೇಸಿಗೆ ಆಸರೆ ಇಲ್ಲದ ಕಡೆ. ಇನ್ನೊಂದಿಷ್ಟು ಒತ್ತಡವಾದರೆ ಕೇಸು ಒಡೆಯುವುದು ಅಲ್ಲೇ, ಬಿಸಿ ಗಾಳಿ ಮ್ಯಾಗಜೀನಿನ ದಾರಿಯಲ್ಲಿ ಕೈಗೆ ನುಗ್ಗುತ್ತದೆ.

ಪ್ರಶ್ನೆ: ಮಗಳಿಗೆ ಕಲಿಸಲು .357 ಮ್ಯಾಗ್ನಂನಲ್ಲಿ ಹಗುರ ಹೊಡೆತ ಬೇಕು. ಎಚ್110 ಮದ್ದು ಬಹಳ ಇದೆ, ಅರ್ಧಕ್ಕೆ ಇಳಿಸಲೇ?
– ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಶಿಗನ್

ಆ ಮದ್ದಿನಲ್ಲಿ ಬೇಡ. ಎಚ್110ನ್ನು (ಡಬ್ಲ್ಯೂ296 ಕೂಡ ಇದೇ ಮದ್ದು, ಹೆಸರು ಬೇರೆ) ಗರಿಷ್ಠದಿಂದ ಶೇ. 3ಕ್ಕಿಂತ ಇಳಿಸಬಾರದೆಂದು ತಯಾರಕರೇ ಹೇಳುತ್ತಾರೆ. ನಿಧಾನವಾಗಿ ಹತ್ತುವ ಗೋಲಿಯಾಕಾರದ ಮದ್ದು ಅದು. ತುಂಬಿದ ಕೇಸು, ಮ್ಯಾಗ್ನಂ ಪ್ರೈಮರ್, ಬಿಗಿಯಾದ ಕ್ರಿಂಪ್ (ಕೇಸಿನ ಬಾಯಿಯನ್ನು ಗುಂಡಿನ ಮೇಲೆ ಅಮುಕುವುದು) ಇದ್ದರೆ ಮಾತ್ರ ಸರಿಯಾಗಿ ಉರಿಯುತ್ತದೆ. ಇಳಿಸಿದರೆ ಅರೆಬರೆ ಉರಿದು ಗುಂಡು ನಳಿಕೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಎರಡನೆಯ ಗುಂಡು ಹೊಡೆದರೆ ನಳಿಕೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಹೊಡೆದಾಗ ‘ಢಂ’ ಎನ್ನುವ ಬದಲು ‘ಪುಸ್’ ಎಂದರೆ, ಹಿಂದೊತ್ತು ಬರದಿದ್ದರೆ, ಮಗಳು ಕುದುರೆ ಎಳೆಯುವುದನ್ನು ಅಲ್ಲಿಗೇ ನಿಲ್ಲಿಸಲಿ. ನಳಿಕೆ ಗುರಿಯ ಕಡೆಗೇ ಇರಲಿ. ಅರ್ಧ ನಿಮಿಷ ತಡೆದು ರಿವಾಲ್ವರ್ ಪೂರ್ತಿ ಖಾಲಿ ಮಾಡಿ, ನಳಿಕೆಯಲ್ಲಿ ಸರಳು ಆಡಿಸಿ ನೋಡಿ. ಇದನ್ನು ಮೊದಲ ದಿನವೇ ಕಲಿಸಿ.

ಹಗುರ ಹೊಡೆತಕ್ಕೆ ಸೀಸದ ಗುಂಡು ಮತ್ತು ಪಟ್ಟಿಯಲ್ಲಿ ಅದಕ್ಕೆಂದೇ ಕೊಟ್ಟ ಮಧ್ಯಮ ವೇಗದ ಮದ್ದು ತನ್ನಿ. ತಾಮ್ರದ ಕವಚದ ಗುಂಡು ನಳಿಕೆಯನ್ನು ಹೆಚ್ಚು ಬಿಗಿಯಾಗಿ ಹಿಡಿಯುವುದರಿಂದ ತೀರಾ ಕಡಿಮೆ ಈಡಿನಲ್ಲಿ ಅದೇ ಮೊದಲು ಸಿಕ್ಕಿಕೊಳ್ಳುವುದು.

ಪ್ರಶ್ನೆ: ಪಿಸ್ತೂಲಿಗೆ ಮತ್ತೆ ಮತ್ತೆ ಏರಿಸಿ ಇಳಿಸಿದ ತೋಟೆ ಸ್ವಲ್ಪ ಗಿಡ್ಡ ಕಾಣುತ್ತಿದೆ. ತೊಂದರೆಯೇ?
– ರಾಲಿ, ನಾರ್ತ್ ಕ್ಯಾರೊಲಿನ

ತೊಂದರೆಯೇ. ಏರುವಾಗ ಮೂತಿ ನಳಿಕೆಯ ಬುಡದ ಇಳಿಜಾರಿಗೆ ಬಡಿದು ಗುಂಡು ಒಳಗೆ ಸರಿದಿದೆ. ಮೊದಲ ಉತ್ತರದ ಲೆಕ್ಕವೇ ಇಲ್ಲಿಗೂ. ಆ ತೋಟೆಯನ್ನು ಹೊಡೆಯಬೇಡಿ, ಬಿಚ್ಚಿ. ಹೊಸದಾಗಿ ತುಂಬಿದ ತೋಟೆಯನ್ನು ಕ್ಯಾಲಿಪರ್‌ನಲ್ಲಿ ಅಳೆದು, ಮೂತಿಯನ್ನು ಮೇಜಿನ ಅಂಚಿಗಿಟ್ಟು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಮತ್ತೆ ಅಳೆಯಿರಿ. ಉದ್ದ ಕಡಿಮೆಯಾದರೆ ಕೇಸಿನ ಹಿಡಿತ ಸಾಲದು. ಕ್ರಿಂಪ್ ಬಿಗಿ ಮಾಡಿ ಇದನ್ನು ಸರಿಪಡಿಸಲಾಗದು. ಹಿಡಿತ ಬರುವುದು ಕೇಸನ್ನು ಮತ್ತೆ ಅಳತೆಗೆ ಹಿಸುಕುವ ಸೈಜಿಂಗ್ ಡೈಯಿಂದ. 9 ಎಂ.ಎಂ. ಕೇಸಿನ ಬಾಯಿ 0.380 ಇಂಚು ಮೀರದಿದ್ದರೆ ಕ್ರಿಂಪ್ ಸಾಕು, ಅತಿಯಾಗಿ ಬಿಗಿದರೆ ಗುಂಡೇ ಹಿಸುಕಿ ಹಿಡಿತ ಇನ್ನೂ ಸಡಿಲವಾಗುತ್ತದೆ.

ಪ್ರಶ್ನೆ: ಎಚ್‌1ಬಿ ವೀಸಾದಲ್ಲಿದ್ದೇನೆ. ಬಂದೂಕು ಸ್ನೇಹಿತನದು, ತೋಟೆ ಮಾತ್ರ ನಾನು ತುಂಬಿಕೊಳ್ಳಬಹುದೇ?
– ಸ್ಯಾನ್ ಆಂಟೋನಿಯೊ, ಟೆಕ್ಸಾಸ್

ವಲಸೆಯೇತರ ವೀಸಾದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಊರ್ಜಿತ ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ. ಆ ಕಾನೂನಿನಲ್ಲಿ ‘ತೋಟೆ’ ಎಂದರೆ ಬಿಡಿ ಕೇಸು, ಪ್ರೈಮರ್, ಗುಂಡು, ಮದ್ದೂ ಸೇರಿದೆ. ವಕೀಲರನ್ನು ಕೇಳದೆ ಒಂದು ಡಬ್ಬಿ ಪ್ರೈಮರ್ ಕೂಡ ಮನೆಗೆ ತರಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಅವರೂ ಸ್ವಂತ ಬಳಕೆಗೆ ತುಂಬಬಹುದೇ ಹೊರತು ಮಾರಾಟಕ್ಕೆ ತುಂಬುವುದಾದರೆ ಒಕ್ಕೂಟದ ಪರವಾನಗಿ ಬೇಕು.

ಪ್ರಶ್ನೆ: ನನ್ನದು ಪರವಾನಗಿ ಇರುವ .32 ರಿವಾಲ್ವರ್. ಖಾಲಿ ಕೇಸುಗಳನ್ನು ಇಲ್ಲಿ ತುಂಬಿಕೊಳ್ಳಬಹುದೇ?
– ಮಡಿಕೇರಿ

ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು. ಬಂದೂಕಿನ ಪರವಾನಗಿ ಅದಕ್ಕೆ ಸಾಲದು. ತಯಾರಿಸುವ ಯಂತ್ರವನ್ನೂ ಬಿಡಿಭಾಗಗಳನ್ನೂ ಕಾಯ್ದೆ ಮದ್ದುಗುಂಡು ಎಂದೇ ಎಣಿಸುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ತೋಟೆ ತಯಾರಿಕೆಗೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಅಳತೆಯಂತ್ರದ ಬುರುಡೆಯಲ್ಲಿ ಹೋದ ತಿಂಗಳ ಮದ್ದು ಉಳಿದಿದೆ. ಯಾವುದೆಂದು ಸುಮಾರಾಗಿ ನೆನಪಿದೆ. ಬಳಸಲೇ?
– ಫ್ರೀಮಾಂಟ್, ಕ್ಯಾಲಿಫೋರ್ನಿಯ

ಬಳಸಬೇಡಿ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಮದ್ದುಗಳ ವೇಗದಲ್ಲಿ ಅಜಗಜಾಂತರ ಇರಬಹುದು. ಡಬ್ಬಿಗೆ ವಾಪಸು ಸುರಿದರೆ ಡಬ್ಬಿಯೂ ಹೋಯಿತು. ಇನ್ನು ಮುಂದೆ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಇರಲಿ, ಕೆಲಸ ಮುಗಿದ ದಿನವೇ ಬುರುಡೆ ಖಾಲಿಯಾಗಲಿ. ಡಬ್ಬಿಯ ಮುಚ್ಚಳ ತೆರೆದಾಗ ಒಳ್ಳೆಯ ಮದ್ದಿಗೆ ಸ್ಪಿರಿಟ್ಟಿನಂಥ ತೆಳು ವಾಸನೆ ಇರುತ್ತದೆ. ಮೂಗಿಗೆ ಚುಚ್ಚುವ ಹುಳಿ ಗಾಟು ಬಂದರೆ, ಕೆಂಗಂದು ಧೂಳು ಕಂಡರೆ ಅದು ಕೊಳೆಯತೊಡಗಿದೆ. ತೋಟೆಗೆ ಹಾಕದೆ ಕೂಡಲೇ ಮನೆಯಿಂದ ಹೊರಗಿಡಿ, ವಿಲೇವಾರಿಗೆ ತಯಾರಕರನ್ನೋ ಅಗ್ನಿಶಾಮಕದವರನ್ನೋ ಕೇಳಿ. ಚೆನ್ನಾಗಿರುವುದನ್ನು ಮೂಲ ಡಬ್ಬಿಯಲ್ಲೇ ತಂಪು ಜಾಗದಲ್ಲಿಡಿ. ಅಮೆರಿಕದ ಅಗ್ನಿ ಸುರಕ್ಷಾ ಸಂಹಿತೆ ಮನೆಯಲ್ಲಿ ಹಾಗೆ 20 ಪೌಂಡ್‌ವರೆಗೆ ಒಪ್ಪುತ್ತದೆ. ಅದಕ್ಕೆ ಮೇಲೆ 50 ಪೌಂಡ್‌ವರೆಗೆ ಒಂದಿಂಚು ದಪ್ಪ ಗೋಡೆಯ ಮರದ ಪೆಟ್ಟಿಗೆ ಬೇಕು. ಕಬ್ಬಿಣದ ಬಿಗಿ ಪೆಟ್ಟಿಗೆಯಲ್ಲಿ ಇಡಬೇಡಿ, ಬೆಂಕಿ ತಗುಲಿದರೆ ಮದ್ದು ಬಯಲಲ್ಲಿ ಉರಿದುಹೋಗುತ್ತದೆ, ಬಿಗಿ ಪೆಟ್ಟಿಗೆಯಲ್ಲಿ ಸಿಡಿಯುತ್ತದೆ.